ನಮ್ಮ ಮನೆಯ ಎಲಿವೇಶನ್ನಿನ ಐತಿಹಾಸಿಕ ಹಿನ್ನೆಲೆ

ನನ್ನ ಜೀವನದಲ್ಲಿ ಆದರ್ಶಗಳು ಅಂತ ಇದ್ದದ್ದು ಎರಡೇ. ಒಂದು, ಭಾನುವಾರ ಮಧ್ಯಾಹ್ನ ಬಿಸಿ ಮುದ್ದೆ, ಬಾಡಿನ ಸಾರು. ಇನ್ನೊಂದು, ಮುಂದುಗಡೆ ನಾಲ್ಕು ಕಂಬ ಇರುವ ಒಂದು ಸ್ವಂತ ಮನೆ. ಇದರಿಂದ ದೇಶಕ್ಕಾಗಲಿ, ಮಹಾನಗರ ಪಾಲಿಕೆಗಾಗಲಿ ಯಾವ ತೊಂದರೆಯೂ ಇರಲಿಲ್ಲ. ಆದರೂ ಎರಡೂ ಒಟ್ಟಿಗೆ ಇವನಿಗೆ ದಕ್ಕಬಾರದು ಎಂದು ಯಾರು ತೀರ್ಮಾನಿಸಿದರೋ ನನಗೆ ಗೊತ್ತಿಲ್ಲ. (ಗೊತ್ತಿದೆ. ಅವರು ಈಗ ಒಳಗೆ ಕುಳಿತು ಹೂ ಕಟ್ಟುತ್ತಿದ್ದಾರೆ. ಅದಕ್ಕೇ ಮೆಲ್ಲಗೆ ಹೇಳುತ್ತಿದ್ದೇನೆ.)

ಕಂಬದ ಹುಚ್ಚು ನನಗೆ ಚಿಕ್ಕಂದಿನದು. ಮೆಜೆಸ್ಟಿಕ್‌ನಿಂದ ಸ್ವಲ್ಪ ಆಚೆಗೆ, ಊರ ನಟ್ಟನಡುವೆ ಒಂದು ಹಳೇ ವಿಮಾ ಕಂಪನಿಯ ಕಚೇರಿ ಇದೆ. ಹೆಸರು ಹೇಳುವುದಿಲ್ಲ, ಅಲ್ಲಿಯ ಮ್ಯಾನೇಜರು ಇನ್ನೂ ಸರ್ವಿಸ್‌ನಲ್ಲಿದ್ದಾರೆ. ಬೂದು ಬಣ್ಣದ ಕಲ್ಲಿನ ಕಟ್ಟಡ. ಮುಂದೆ ನಾಲ್ಕು ಗುಂಡು ಕಂಬ, ಕಂಬದ ಮೇಲೆ ಕಮಾನು, ಕಮಾನಿನ ಕೆಳಗೆ ಆನೆಯೂ ತಲೆ ಬಗ್ಗಿಸದೆ ಹೋಗಬಹುದಾದ ತೇಗದ ಬಾಗಿಲು. ನಮ್ಮಪ್ಪ ನನ್ನನ್ನು ಪೇಟೆಗೆ ಕರೆದುಕೊಂಡು ಹೋದಾಗಲೆಲ್ಲ ಬಸ್ಸು ಅದರ ಮುಂದೆಯೇ ಹೋಗುತ್ತಿತ್ತು, ನಾನು ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದೆ. ಮನೆ ಎಂದರೆ ಹೀಗಿರಬೇಕು ಎಂದು ಆಗಲೇ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅದು ಮನೆಯಲ್ಲ, ಆಫೀಸು ಎಂಬ ವ್ಯತ್ಯಾಸ ಆ ವಯಸ್ಸಿಗೆ ದೊಡ್ಡದಾಗಿ ಕಾಣಲಿಲ್ಲ. ಆಮೇಲೂ ಕಾಣಲಿಲ್ಲ.

ಎರಡು ಸಾವಿರದ ಹದಿನಾಲ್ಕರಲ್ಲಿ ನಮಗೆ ಶೆಟ್ಟಿಹಳ್ಳಿಯಲ್ಲಿ ಒಂದು ಥರ್ಟಿ ಫಾರ್ಟಿ ಸೈಟು ಆಯಿತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿರುವ ಆನಂದಪ್ಪ ಎಂಬ ಮನುಷ್ಯನಿಗೆ, ಅಂದರೆ ನನಗೆ, ಕೊನೆಗೂ ಕಂಬ ನಿಲ್ಲಿಸಲು ಭೂಮಿ ಸಿಕ್ಕಿತು. ಆದರೆ ಭೂಮಿ ಇದ್ದರೆ ಸಾಕೆ? ಬಹುಮತ ಬೇಕು.

ಬಹುಮತ ನನ್ನ ಭಾಮೈದ ಮಹೇಂದ್ರನ ಕಡೆಗಿತ್ತು. ಅವನು ಟಿ. ದಾಸರಹಳ್ಳಿಯಲ್ಲಿ ಅದಾಗಲೇ ಮನೆ ಕಟ್ಟಿಸಿದ್ದ. ಮುಂಭಾಗಕ್ಕೆಲ್ಲ, ಈಗಿನವರ ಭಾಷೆಯಲ್ಲಿ ಎಲಿವೇಶನ್ನಿಗೆಲ್ಲ, ನೀಲಿ ಗಾಜು, ಗಾಜಿನ ಸುತ್ತ ಬೆಳ್ಳಿ ಬಣ್ಣದ ಶೀಟು. ಗೃಹಪ್ರವೇಶವಾಗಿ ವಾರವಾಗಿರಲಿಲ್ಲ, ಯಾರೋ ಒಳಗೆ ಬಂದು ಪೋಸ್ಟ್‌ಪೇಯ್ಡ್ ಸಿಮ್ ಇದೆಯಾ ಎಂದು ಕೇಳಿದ್ದರು. ನಾನು ಅದನ್ನು ನೆನೆಸಿಕೊಂಡು ಒಂದು ತಿಂಗಳು ನಕ್ಕೆ. ಎದುರಿಗೂ ನಕ್ಕೆ. ಆಗ ಅಷ್ಟು ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ನಾವು ಆಗ ಯಶವಂತಪುರದಲ್ಲಿ ಬಾಡಿಗೆಗಿದ್ದೆವು. ಒಂದು ಭಾನುವಾರ ಊಟಕ್ಕೆ ಮಹೇಂದ್ರ ತಾಯಿಯನ್ನು ಕರೆದುಕೊಂಡು ಬಂದ. ತಾಯಿ ಎಂದರೆ ನನ್ನ ಅತ್ತೆ, ಬಾಗಲೂರಿನ ಮುನಿಕೆಂಪಮ್ಮನವರು. ಆಗ ಅವರು ಮಗನ ಮನೆಯಲ್ಲೇ ಇದ್ದರು. ಆ ವ್ಯವಸ್ಥೆ ಎಲ್ಲರಿಗೂ, ವಿಶೇಷವಾಗಿ ನನಗೆ, ಬಹಳ ಹೊಂದಿಕೆಯಾಗಿತ್ತು.

"ಭಾವ, ಈಗೆಲ್ಲ ಗ್ಲಾಸ್ ಎಲಿವೇಶನ್ನೇ ಟ್ರೆಂಡು. ಕಂಬ ಗಿಂಬ ಹಾಕಿದ್ರೆ ಜಾಗ ವೇಸ್ಟು" ಎಂದ ಮಹೇಂದ್ರ, ಮಜ್ಜೆ ತುಂಬಿದ ದೊಡ್ಡ ಮೂಳೆಯನ್ನು ಹೀರುತ್ತಾ. (ಅದು ನನಗೆಂದು ಎತ್ತಿಟ್ಟಿದ್ದ ಮೂಳೆ.)

"ಆ ಸಿಮ್ ಕೇಳ್ಕೊಂಡು ಬಂದಿದ್ನಲ್ಲ, ಅವನಿಗೆ ಆಮೇಲೆ ಸಿಕ್ತೇನೋ?" ಎಂದೆ.

ನನ್ನ ಹೆಂಡತಿ ರಾಧಾಮಣಿ ಸೌಟನ್ನು ಪಾತ್ರೆಯ ಅಂಚಿಗೆ ಠಣ್ಣೆಂದು ಬಡಿದಳು. ನಮ್ಮ ಮನೆಯಲ್ಲಿ ಅದು ಸದನದ ಶಿಸ್ತಿನ ಬಗ್ಗೆ ಕೊಡುವ ಎಚ್ಚರಿಕೆ.

"ನಮ್ಮ ಮಹೇಂದ್ರನ ಮನೆ ಮುಂದೆ ಜನ ನಿಂತ್ಕೊಂಡು ನೋಡ್ತಾರೆ ಕಣ್ರೀ."

"ನೋಡಲ್ಲ, ಗಾಜಲ್ಲಿ ತಲೆ ಬಾಚ್ಕೋತಾರೆ."

"ನಿಮ್ಮ ಕಂಬದಲ್ಲಿ ಅದೂ ಆಗಲ್ವಲ್ಲ!"

ಅತ್ತೆ ಮುದ್ದೆ ಮುರಿಯುತ್ತಾ ತೀರ್ಪು ಕೊಟ್ಟರು: "ಗಾಜಾದ್ರೆ ಒರೆಸಿದ್ರಾಯ್ತು ಅಳಿಮಯ್ಯ. ಕಂಬ ಇದ್ರೆ ಬರೋರೆಲ್ಲ ಒರಗ್ತಾರೆ. ಒರಗಿದೋರು ಬ್ಯಾಗ ಎದ್ದೋಗಲ್ಲ."

ಮೂರು ಒಂದು. ಮಕ್ಕಳಿಲ್ಲದ ಮನೆಯಲ್ಲಿ ಮತ ಕೇಳಲು ಬೇರೆ ಯಾರೂ ಇಲ್ಲ. ನನ್ನ ಪರವಾಗಿ ಉಳಿದದ್ದು ಮೇಸ್ತ್ರಿ ಬೈರಣ್ಣ ಒಬ್ಬನೇ. ಅವನೂ ಬಾಗಲೂರಿನವನು, ಅತ್ತೆಯೇ ಗೊತ್ತು ಮಾಡಿದವನು, ಆ ಕಡೆಯ ಹಳ್ಳಿಗಳಲ್ಲಿ ಮಾರಮ್ಮನ ಗುಡಿಗಳನ್ನು ಕಟ್ಟಿ ಹೆಸರಾದವನು. ಅವನನ್ನು ನನ್ನ ಪರ ಎನ್ನುವುದೂ ಪೂರ್ತಿ ಸರಿಯಲ್ಲ. ಏನು ಕೇಳಿದರೂ ಅವನು "ಮಾಡ್ಬೋದು ಸಾರ್" ಎನ್ನುತ್ತಿದ್ದ. ಕಂಬ ಎಂದರೆ ಮಾಡ್ಬೋದು, ಗಾಜು ಎಂದರೆ ಮಾಡ್ಬೋದು. ಒಮ್ಮೆ ನಾನು ಪರೀಕ್ಷೆಗೆಂದು, "ಬೈರಣ್ಣ, ಒಂದನೇ ಫ್ಲೋರು ಕೆಳಗೆ, ಗ್ರೌಂಡ್ ಫ್ಲೋರು ಮೇಲೆ ಮಾಡೋಕಾಗುತ್ತಾ?" ಎಂದೆ. ಸ್ವಲ್ಪ ಯೋಚಿಸಿ, "ಮಾಡ್ಬೋದು ಸಾರ್" ಎಂದ.

ಆಗಲೇ ಪೇಪರಿನಲ್ಲಿ ಆ ಸುದ್ದಿ ಬಂದದ್ದು. ಪಾರಂಪರಿಕ ಕಟ್ಟಡಗಳ ಸಪ್ತಾಹವಂತೆ. ನನ್ನ ಆ ನಾಲ್ಕು ಕಂಬದ ಕಚೇರಿಯನ್ನು ಒಂದು ವಾರ ಸಾರ್ವಜನಿಕರು ಬೆಳಗಿನ ಹೊತ್ತು ಒಳಗೆ ಹೋಗಿ ನೋಡಬಹುದಂತೆ. ನನ್ನ ತಲೆಯಲ್ಲಿ ದೀಪ ಹೊತ್ತಿತು. ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದ್ದು ಕಣ್ಣಾರೆ ನೋಡಿದರೆ ಅರ್ಥವಾಗಲೇಬೇಕು. ಎಲ್ಲರನ್ನೂ ಹೊರಡಿಸಿಕೊಂಡು ಹೋಗಿ ಆ ಕಂಬಗಳ ಬುಡದಲ್ಲಿ ನಿಲ್ಲಿಸಿಬಿಡುವುದು. ಅಲ್ಲಿಗೂ ಒಪ್ಪದಿದ್ದರೆ ಗಾಜೇ ಆಗಲಿ ಎಂದು ನಾನೇ ಮಾತು ಕೊಟ್ಟೆ. ರಾಧಾಮಣಿ ಆ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿದಳು, ಮಹೇಂದ್ರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ.

ಶುಕ್ರವಾರಕ್ಕೆ ರಜೆ ಹಾಕಿದೆ. ಬೇರೆ ಯಾವ ದಿನಕ್ಕಾದರೂ ಹಾಕಬಹುದಿತ್ತು. ಶುಕ್ರವಾರಕ್ಕೆ ಹಾಕಿದೆ.

ಎಲ್ಲರೂ ದಾಸರಹಳ್ಳಿಯಲ್ಲಿ ಸೇರಿ ಮಹೇಂದ್ರನ ಕಾರಿನಲ್ಲಿ ಹೊರಟೆವು. ಮುಂದೆ ಮಹೇಂದ್ರ ಮತ್ತು ಬೈರಣ್ಣ, ಹಿಂದೆ ರಾಧಾಮಣಿ, ಅತ್ತೆ, ಮಿಕ್ಕ ಜಾಗದಲ್ಲಿ ನಾನು. ಅತ್ತೆಯ ಮಡಿಲಲ್ಲಿ ಒಂದು ದೊಡ್ಡ ಬಟ್ಟೆ ಬ್ಯಾಗಿತ್ತು. ಊಟದ ಡಬ್ಬಿ ಇರಬೇಕು ಎಂದುಕೊಂಡು ಸುಮ್ಮನಾದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಕಾರು ನಿಂತಷ್ಟು ಹೊತ್ತೂ ಕಂಬಗಳ ಇತಿಹಾಸವನ್ನು ಹೇಳಿದೆ. ಗೊರಗುಂಟೆಪಾಳ್ಯದ ಸಿಗ್ನಲ್ಲು ಬಲ್ಲವರಿಗೆ ಅದು ಎಷ್ಟು ಉದ್ದದ ಇತಿಹಾಸ ಎಂಬುದು ಗೊತ್ತಾಗುತ್ತದೆ. ಮುಗಿಸಿದಾಗ ಎಚ್ಚರವಾಗಿದ್ದದ್ದು ಗಾಡಿ ಓಡಿಸುತ್ತಿದ್ದವನು ಒಬ್ಬನೇ.

ಕಚೇರಿಯ ಗೇಟಿನಲ್ಲಿ ಜಮೀರ್ ಎಂಬ ಸೆಕ್ಯೂರಿಟಿಯವರು ಎಲ್ಲರ ಬ್ಯಾಗು ನೋಡಿ ಒಳಗೆ ಬಿಡುತ್ತಿದ್ದರು. ಅತ್ತೆಯ ಬ್ಯಾಗು ತೆರೆದರೆ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಅರಿಶಿನ ಕುಂಕುಮದ ಪೊಟ್ಟಣ, ರಂಗೋಲಿ ಡಬ್ಬಿ, ಕರ್ಪೂರ, ಎರಡು ಮೊಳ ಸೇವಂತಿಗೆ.

"ಅಮ್ಮಾ, ಇದೆಲ್ಲ ಏನಮ್ಮಾ?" ಎಂದರು ಜಮೀರ್.

"ಮನೆ ನೋಡಕ್ ಬಂದಿದೀವಿ ಕಣಪ್ಪ."

"ಇದು ಆಫೀಸಮ್ಮಾ."

"ಯಾವ್ದಾದ್ರೇನು? ಇನ್ನೊಬ್ರು ಬಾಗ್ಲಿಗೆ ಬರಿಗೈಲಿ ಓಯ್ತಾರಾ?"

ಜಮೀರ್ ನನ್ನ ಕಡೆ ನೋಡಿದರು. ನಾನು ರಸ್ತೆಯ ಕಡೆ ನೋಡಿದೆ. ಅವರ ಕೈಯಲ್ಲಿದ್ದ ನಿಷೇಧಿತ ವಸ್ತುಗಳ ಯಾದಿಯಲ್ಲಿ ಸೇವಂತಿಗೆ ಇರಲಿಲ್ಲವೆಂದು ಕಾಣುತ್ತದೆ, ಕರ್ಪೂರವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು.

ಮೆಟ್ಟಿಲು ಹತ್ತಿ ಕಂಬಗಳ ಬುಡಕ್ಕೆ ಬಂದೆವು. ಇಷ್ಟು ವರ್ಷ ಬಸ್ಸಿನಿಂದ ನೋಡಿದ್ದನ್ನು ಮೊದಲ ಸಲ ಕೈಯಲ್ಲಿ ಮುಟ್ಟಿದೆ. ಕಲ್ಲು ತಣ್ಣಗಿತ್ತು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಹಿಂತಿರುಗಿ ನೋಡಿದರೆ ರಾಧಾಮಣಿಯ ಕಣ್ಣೂ ಮೇಲಕ್ಕೆ ನೆಟ್ಟಿತ್ತು. ಗೆದ್ದೆ ಎಂದುಕೊಂಡೆ.

"ರೀ, ಅಷ್ಟೆತ್ತರದಲ್ಲಿ ಜೇಡ ಕಟ್ಟಿದ್ರೆ ಯಾರು ತೆಗೀತಾರೆ?" ಎಂದಳು.

ಅತ್ತೆ ಕಂಬವನ್ನೂ ನೋಡಲಿಲ್ಲ, ಕಮಾನನ್ನೂ ನೋಡಲಿಲ್ಲ. ಬಾಗಿಲ ಮುಂದೆ ನಿಂತು ಕೆಳಗೆ ನೋಡುತ್ತಿದ್ದರು. ಅಲ್ಲಿ ಒಂದೇ ಕಲ್ಲಿನಲ್ಲಿ ಕೆತ್ತಿದ ಅಗಲವಾದ ಹೊಸ್ತಿಲಿತ್ತು. ನೂರು ವರ್ಷ ಜನ ತುಳಿದು ತುಳಿದು ನಡುವೆ ನುಣ್ಣಗೆ ತಗ್ಗಾಗಿತ್ತು.

"ಇಂಥಾ ಒಸ್ಲು! ಸುಕ್ರವಾರ! ಒಂದು ಬೊಟ್ಟು ಕುಂಕ್ಮ ಇಲ್ವಲ್ಲ ಅಳಿಮಯ್ಯ" ಎಂದರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಬೋಳು ಒಸ್ಲು ದಾಟಿ ನಾನು ಬರಕಿಲ್ಲ. ನೀವ್ ಒಳಗೋಗಿ. ನಾನಿಲ್ಲೇ ವಸಿ ಕುಂತಿದ್ದು ಬತ್ತೀನಿ."

ಮಂಡಿನೋವಿನವರು, ಕುಳಿತುಕೊಳ್ಳಲಿ ಎಂದು ನಾನು ಒಪ್ಪಿದೆ. ಬ್ಯಾಗು ಅವರ ಕೈಯಲ್ಲೇ ಇದೆ ಎಂಬುದು ಆ ಸಂಭ್ರಮದಲ್ಲಿ ನನಗೆ ಹೊಳೆಯಲಿಲ್ಲ.

ಒಳಗೆ ಹತ್ತಿ ಸೀರೆಯುಟ್ಟ ಒಬ್ಬ ಮೇಡಂ ಬಂದವರಿಗೆಲ್ಲ ಕಟ್ಟಡವನ್ನು ವಿವರಿಸುತ್ತಿದ್ದರು. ಬಣ್ಣದ ಗಾಜಿನ ಕಿಟಕಿ, ಬಳ್ಳಿಯ ಹಾಗೆ ಸುತ್ತಿ ಮೇಲೆ ಹೋಗುವ ಕಬ್ಬಿಣದ ಮೆಟ್ಟಿಲು, ಚದುರಂಗದ ಹಾಸಿನಂಥ ಕಪ್ಪು ಬಿಳುಪು ನೆಲ. ನಾನು ಅವರ ಒಂದೊಂದು ಮಾತನ್ನೂ ನನ್ನ ಪಕ್ಷದವರಿಗೆ ದಾಟಿಸುತ್ತಾ ಹೋದೆ. ಫಲ ಮಾತ್ರ ನಿರೀಕ್ಷಿಸಿದಂತೆ ಬರಲಿಲ್ಲ.

"ಈ ನೆಲದಲ್ಲಿ ಬಿಳೀ ಕಲ್ಲು ಎಷ್ಟು ಒರೆಸಿದ್ರೂ ಕೊಳೆ ಹೋಗಲ್ಲ" ಎಂದಳು ರಾಧಾಮಣಿ.

"ಭಾವ, ಈ ಮೆಟ್ಲಲ್ಲಿ ಫ್ರಿಜ್ ಮೇಲಕ್ಕೆ ಸಾಗ್ಸೋಕಾಗುತ್ತಾ ಹೇಳಿ?" ಎಂದ ಮಹೇಂದ್ರ.

ಬೈರಣ್ಣ ಮಾತ್ರ ಎಲ್ಲವನ್ನೂ ಗೇಣು ಹಾಕಿ ಅಳೆಯುತ್ತಿದ್ದ. "ಮಾಡ್ಬೋದು ಸಾರ್. ಮೇಲೆ ಒಂದು ಕಮಲ ಇಟ್ರೆ ಇನ್ನೂ ಲಕ್ಷಣವಾಗಿರುತ್ತೆ" ಎಂದ.

"ಕಮಲ ಬೇಡ ಬೈರಣ್ಣ. ಇದ್ದ ಹಾಗೇ ಬೇಕು."

"ಇದ್ದಂಗೇ ಮಾಡ್ಬೋದು ಸಾರ್. ಕಮಲದ್ ಜೊತೆ."

ಸೋತೆ ಎಂದು ನನಗೆ ಖಾತ್ರಿಯಾಗುತ್ತಾ ಬಂತು. ನೀಲಿ ಗಾಜು ಕಣ್ಣ ಮುಂದೆ ಕುಣಿಯತೊಡಗಿತು. ಅಷ್ಟರಲ್ಲಿ ಸೂಟು ಟೈ ಹಾಕಿಕೊಂಡ ಒಬ್ಬ ಅಧಿಕಾರಿ ಫೈಲು ಹಿಡಿದು ನಮ್ಮ ಪಕ್ಕದಲ್ಲೇ ಹಾದು ಹೋದರು. ಬರಿಗಾಲಿನಲ್ಲಿ. ಹಳೇ ಕಂಪನಿಗಳ ಸರಳತೆಯೇ ಬೇರೆ ಎಂದುಕೊಂಡೆ. ಹಿಂದೆಯೇ ಇಬ್ಬರು ಗುಮಾಸ್ತೆಯರು ಬಂದರು, ಅವರೂ ಬರಿಗಾಲು. ಆಮೇಲೆ ಕಾಲುಚೀಲದಲ್ಲಿ ಒಬ್ಬ ಏಜೆಂಟು, ಬರಿಗಾಲಲ್ಲಿ ಕೊಡೆ ಹಿಡಿದ ಒಬ್ಬ ಪೆನ್ಷನ್ನಿನ ಹಿರಿಯರು.

"ನೋಡು ರಾಧಾ" ಎಂದೆ, ಕೊನೆಯ ಅಸ್ತ್ರವನ್ನು ಪ್ರಯೋಗಿಸುತ್ತಾ. "ಹಳೇ ನೆಲ ಸವೀಬಾರ್ದು ಅಂತ ಇಲ್ಲಿನ ಜನ ಚಪ್ಪಲಿ ಬಿಟ್ಟು ಓಡಾಡ್ತಾರೆ. ಕಟ್ಟಡದ ಮೇಲೆ ಎಂಥ ಗೌರವ! ಇದಪ್ಪ ಸಂಸ್ಕೃತಿ ಅಂದ್ರೆ."

ಹೇಳಿದ ಮೇಲೆ ನಡೆದು ತೋರಿಸಬೇಕಲ್ಲ. ನಾನೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಮೇಡಂ ನನ್ನನ್ನು ನೋಡಿದರು, ಸುತ್ತಲಿನ ಬರಿಗಾಲುಗಳನ್ನು ನೋಡಿದರು, ಮೆಲ್ಲಗೆ ತಮ್ಮ ಚಪ್ಪಲಿಯನ್ನೂ ಕಬ್ಬಿಣದ ಮೆಟ್ಟಿಲ ಮರೆಗೆ ಸರಿಸಿದರು. ಅಲ್ಲಿಂದ ಇಡೀ ತಂಡ ಬರಿಗಾಲಿನಲ್ಲಿ ಇತಿಹಾಸ ನೋಡಿತು.

ನಿಜ ಗೊತ್ತಾದದ್ದು ವಾಪಸು ಮುಂಬಾಗಿಲಿಗೆ ಬಂದಾಗ. ಹೊಸ್ತಿಲಿಗೆ ಈ ತುದಿಯಿಂದ ಆ ತುದಿಗೆ ಅರಿಶಿನ ಬಳಿದಿತ್ತು. ಅದರ ಮೇಲೆ ಕುಂಕುಮದ ಬೊಟ್ಟು, ಎರಡು ಪಕ್ಕಕ್ಕೂ ಸೇವಂತಿಗೆ, ಮುಂದೆ ಕಲಾಯಿ ಹೊಡೆದ ಹಾಗೆ ಹೊಳೆಯುವ ರಂಗೋಲಿ. ಪಕ್ಕದಲ್ಲಿ ಕಂಬಕ್ಕೆ ಒರಗಿಕೊಂಡು ಅತ್ತೆ ಕುಳಿತಿದ್ದರು. ಕಂಬವಿದ್ದರೆ ಜನ ಒರಗುತ್ತಾರೆ ಎಂದು ಅವರು ಹೇಳಿದ್ದು ನಿಜವೇ ಆಗಿತ್ತು. ಮೆಟ್ಟಿಲ ಮೇಲೆ ಬೂಟು, ಸ್ಯಾಂಡಲ್ಲು, ಹವಾಯಿ ಚಪ್ಪಲಿ ಸಾಲಾಗಿ ಕುಳಿತಿದ್ದವು. ಜಮೀರ್ ಗೇಟು ಬಿಟ್ಟು ಬಂದು, "ಸಾಲಾಗಿ ಬಿಡಿ ಸಾರ್, ದಾರಿಗೆ ಅಡ್ಡ ಬಿಡ್ಬೇಡಿ" ಎನ್ನುತ್ತಿದ್ದರು. ಸಾಲು ಎಲ್ಲಿದ್ದರೂ ನೇರ ಮಾಡುವುದು ಅವರ ಕರ್ತವ್ಯ.

ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏನಮ್ಮ ವಿಶೇಷ?"

"ಸುಕ್ರವಾರ ಅಲ್ವೇನಪ್ಪಾ" ಎನ್ನುತ್ತಿದ್ದರು ಅತ್ತೆ.

ಅದು ಉತ್ತರವಲ್ಲ. ಆದರೆ ಯಾರೂ ಮುಂದಕ್ಕೆ ಕೇಳಲಿಲ್ಲ. ಅರಿಶಿನ ಬಳಿದ ಹೊಸ್ತಿಲನ್ನು ಬೂಟುಗಾಲಿನಲ್ಲಿ ದಾಟುವ ಎದೆಗಾರಿಕೆ ನಮ್ಮ ಊರಿನಲ್ಲಿ ಯಾರಿಗಿದೆ? ಒಬ್ಬರು ಬಿಟ್ಟರು, ಹಿಂದೆ ಬಂದವರು ಅವರನ್ನು ನೋಡಿ ಬಿಟ್ಟರು, ಅವರ ಹಿಂದಿನವರು ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೋ ಒಂದು ನಾಣ್ಯವನ್ನೂ ಹಾಕಿದ್ದರು.

ಅಷ್ಟರಲ್ಲಿ ಹತ್ತಿ ಸೀರೆಯ ಮೇಡಂ ಮುಂದಿನ ತಂಡವನ್ನು ಒಳಗೆ ಕರೆದುಕೊಳ್ಳಲು ಬಂದರು. ಹೊಸ್ತಿಲನ್ನು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಕೈ ಜೋಡಿಸಿ, "ಈ ಕಚೇರಿಯ ಇನ್ನೊಂದು ವಿಶೇಷ ಅಂದ್ರೆ, ಶುಕ್ರವಾರ ಹೊಸ್ತಿಲು ಪೂಜೆ ಮಾಡಿ ಬರಿಗಾಲಲ್ಲಿ ಒಳಗೆ ಹೋಗೋ ಸಂಪ್ರದಾಯ ಇಲ್ಲಿ ಇವತ್ತಿಗೂ ಉಳ್ಕೊಂಡಿದೆ" ಎಂದರು. ತಂಡದವರು ಫೋಟೋ ತೆಗೆದುಕೊಂಡರು. ಸಂಪ್ರದಾಯಕ್ಕೆ ಆಗ ಸುಮಾರು ಮುಕ್ಕಾಲು ಗಂಟೆ ವಯಸ್ಸಾಗಿತ್ತು.

ಸುದ್ದಿ ಒಳಗೆ ಹೋಗಿ ಮ್ಯಾನೇಜರ್ ವೀರಬಸಪ್ಪನವರೇ ಹೊರಗೆ ಬಂದರು. ಸಿಟ್ಟಿನಲ್ಲಿದ್ದರು. ಆದರೆ ಬೂಟು ಕೈಯಲ್ಲಿತ್ತು.

"ಯಾರು ಮಾಡಿದ್ದು ಇದನ್ನ?"

"ನಾನೇ ಕಣಪ್ಪ" ಎಂದರು ಅತ್ತೆ, ಕೂತಲ್ಲಿಂದಲೇ. "ಇಷ್ಟ್ ದೊಡ್ಡ ಮನೆ ಕಟ್ಟಿ ಒಸ್ಲು ಬೋಳಾಗಿ ಬುಟ್ಟಿದ್ದೀರಲ್ಲ, ನಿಮ್ಮನೇಲಿ ಎಣ್ಮಕ್ಳು ಇಲ್ವಾ?"

"ಅಮ್ಮಾ, ಇದು ಇನ್ಶೂರೆನ್ಸ್ ಆಫೀಸು!"

"ಲಕ್ಸ್ಮಿ ಬರೋದು ಬಾಗ್ಲಿಂದ್ಲೇ ತಾನೆ? ಇಲ್ಲಾ ನಿಮ್ಮಲ್ಲಿ ಕಿಟ್ಕಿಯಿಂದ ಬತ್ತಾಳಾ?"

ಮ್ಯಾನೇಜರು ಬಾಗಿಲನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು. ಕಂಪನಿಯ ಆ ವರ್ಷದ ವ್ಯವಹಾರ ಅಷ್ಟಕ್ಕಷ್ಟೇ ಎಂದು ಪೇಪರಿನಲ್ಲಿ ನಾನೂ ಓದಿದ್ದೆ. ಜಮೀರ್ ಕಡೆ ತಿರುಗಿ, "ಒರೆಸಿಸ್ರೀ ಇದನ್ನ" ಎಂದರು.

"ನಾನ್ ಮುಟ್ಟಿದ್ರೆ ಚೆನ್ನಾಗಿರಲ್ಲ ಸಾರ್. ರತ್ನಕ್ಕಂಗೆ ಹೇಳಿ."

ಗುಡಿಸುವ ರತ್ನಕ್ಕ ಪೊರಕೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು. "ಶುಕ್ರವಾರ ಕುಂಕುಮ ಒರೆಸು ಅಂತೀರಲ್ಲ ಸಾರ್, ನನಗೂ ಮಕ್ಕಳು ಮರಿ ಅವೆ."

ವೀರಬಸಪ್ಪನವರು ಸುತ್ತ ನೋಡಿದರು. ತಾವೇ ಒರೆಸಬೇಕು, ಇಲ್ಲವೇ ಬಿಡಬೇಕು. ಮೇಡಂ ತಂಡದವರು ಮೊಬೈಲು ಎತ್ತಿ ಹಿಡಿದು ಕಾಯುತ್ತಿದ್ದರು. ಕೊನೆಗೆ ಬೂಟನ್ನು ಜಮೀರ್ ಕೈಗೆ ಕೊಟ್ಟು, ಬಗ್ಗಿ ಹೊಸ್ತಿಲನ್ನು ಮುಟ್ಟಿ ನಮಸ್ಕರಿಸಿದರು. ಅತ್ತೆ ಅವರಿಗೆ ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟರು. "ಒಳ್ಳೇದಾಗ್ಲಿ. ವಾರಾ ವಾರಾ ತಪ್ಪಿಸ್ಬ್ಯಾಡಿ" ಎಂದರು.

ವಾಪಸು ಕಾರು ಹತ್ತಿದೆವು. ಯಶವಂತಪುರ ಬರುವಷ್ಟರಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಎಂಥಾ ಬಾಗ್ಲು! ಕಂಡೋರೆಲ್ಲ ಕೈ ಮುಗಿದ್ರು. ಅದೇ ನಮ್ಮ ಮಹೇಂದ್ರನ ಬಾಗ್ಲಿಗೆ ದಿನಾ ಅರಿಶಿನ ಅಚ್ತೀನಿ, ಆಲಿನೋನು ಕೂಡ ಚಪ್ಲಿ ಬುಡಕಿಲ್ಲ. ರಾಧಾ, ಅಳಿಮಯ್ಯ ಯೋಳ್ದಂಗೇ ಮಾಡ್ರವ್ವಾ. ನಾಕು ಕಂಬ, ದೊಡ್ಡ ಬಾಗ್ಲು, ಕಲ್ಲಿನ್ ಒಸ್ಲು."

ಅತ್ತೆ ತಿರುಗಿದ ಮೇಲೆ ಮಗಳು ತಿರುಗಿದಳು. ಮಹೇಂದ್ರ ಒಬ್ಬನಾದ. ನಾನು ಗೆದ್ದಿದ್ದೆ. ನನ್ನ ಕಂಬದಿಂದಲ್ಲ, ಅವರ ಕುಂಕುಮದಿಂದ ಎಂಬ ಸಣ್ಣ ವಿಷಯವನ್ನು ಆ ದಿನ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಕ್ಷೆ ಹಾಕುವಾಗ ರಾಧಾಮಣಿಯದು ಒಂದೇ ಬೇಡಿಕೆ. "ಪಾತ್ರೆ ತೊಳೆಯೋ ಕಡೆಗೆ ಒಂದು ಹಿಂಬಾಗ್ಲು ಇರ್ಲಿ ಕಣ್ರೀ."

"ಇಂಥಾ ಮುಂಬಾಗ್ಲು ಇಟ್ಕೊಂಡು ಹಿಂಬಾಗ್ಲಲ್ಲಿ ಯಾರೇ ಓಡಾಡ್ತಾರೆ? ಹುಚ್ಚಿ" ಎಂದೆ. ಆದರೂ ಗೆದ್ದವನ ಔದಾರ್ಯ ತೋರಿಸಿ ಒಂದು ಗಿಡ್ಡ ಬಾಗಿಲನ್ನು ಇಡಿಸಿದೆ.

ಮುಂದಿನ ವರ್ಷ ಮನೆ ಎದ್ದಿತು. ಬೈರಣ್ಣ ಹೇಳಿದ್ದನ್ನೆಲ್ಲ ಮಾಡಿದ. ಕಂಬ ಕಲ್ಲಿನದಲ್ಲ, ಸಿಮೆಂಟಿಗೆ ಕಲ್ಲಿನ ಬಣ್ಣ ಹೊಡೆದದ್ದು, ದೂರದಿಂದ ಗೊತ್ತಾಗುವುದಿಲ್ಲ. ಮಾರಮ್ಮನ ಗುಡಿ ಕಟ್ಟಿ ಪಳಗಿದ ಕೈ ಎಷ್ಟು ಬೇಡವೆಂದರೂ ಕೇಳದೆ ಪ್ರತಿ ಕಂಬದ ತಲೆಗೂ ಒಂದು ಕಮಲ ಅರಳಿಸಿತು, ಕಮಾನಿನ ನೆತ್ತಿಗೆ ಒಂದು ಕಳಸವನ್ನೂ ಇಟ್ಟಿತು. ಕಂಬಗಳಿಗೆ ಜಾಗ ಬಿಟ್ಟ ಮೇಲೆ ಹಾಲಿನಲ್ಲಿ ಸೋಫಾ ಇಟ್ಟರೆ ಟೀವಿಗೆ ಜಾಗವಿಲ್ಲ, ಟೀವಿ ಇಟ್ಟರೆ ಕೂರಲು ಜಾಗವಿಲ್ಲ. ಇರಲಿ. ಎಲಿವೇಶನ್ ಇತ್ತು.

ಗೃಹಪ್ರವೇಶಕ್ಕೆ ಬಂದ ಅತ್ತೆ ಹೊಸ್ತಿಲು ಪೂಜೆ ಮಾಡಿದರು. ಮಾರನೇ ದಿನವೂ ಮಾಡಿದರು. ಮೂರನೇ ದಿನ ದಾಸರಹಳ್ಳಿಯಿಂದ ಅವರ ಟ್ರಂಕು ಬಂತು.

"ಇಂಥಾ ಬಾಗ್ಲು ನೋಡ್ಕಳಕ್ಕೆ ಒಬ್ರು ಇರ್ಬೇಕು ಅಳಿಮಯ್ಯ" ಎಂದರು.

ಒಂದು ಮುಂಜಾನೆ ನಾನು ಲುಂಗಿ ಬನಿಯನ್ನಿನಲ್ಲಿ, ನನ್ನ ಸ್ವಂತ ಕಂಬಕ್ಕೆ ಒರಗಿಕೊಂಡು ಕಾಫಿ ಕುಡಿಯುತ್ತಾ ಪೇಪರು ಓದುತ್ತಿದ್ದೆ. ಅದಕ್ಕಾಗಿಯೇ ಅಲ್ಲವೇ ಕಂಬ? ಒಬ್ಬ ಸ್ಕೂಟರಿನವನು ನಿಲ್ಲಿಸಿದ, ಹೆಲ್ಮೆಟ್ಟು ತೆಗೆದ, ಚಪ್ಪಲಿ ಬಿಟ್ಟ, ಕೈ ಮುಗಿದುಕೊಂಡು ಮೆಟ್ಟಿಲು ಹತ್ತಿದ.

"ಮಂಗಳಾರತಿ ಎಷ್ಟೊತ್ತಿಗೆ ಸ್ವಾಮಿ?"

"ಇದು ಮನೆ ಕಣ್ರೀ."

"ಎಲ್ಲಾ ಅವನ ಮನೇನೇ ಅಲ್ವಾ ಸ್ವಾಮಿ" ಎಂದು ಹೊಸ್ತಿಲಿಗೆ ನಮಸ್ಕರಿಸಿ, ನನಗೂ ಒಂದು ನಮಸ್ಕಾರ ಹಾಕಿ, ಪ್ರಸಾದಕ್ಕೆಂದು ಕೈ ಚಾಚಿದ. ನನ್ನ ಹತ್ತಿರ ಇದ್ದದ್ದು ಕಾಫಿ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರು.

ಅವನು ಪೀಣ್ಯದ ಯಾವುದೋ ಫ್ಯಾಕ್ಟರಿಯವನು. ಆ ವಾರ ಅವನಿಗೆ ಕೆಲಸ ಖಾಯಂ ಆಯಿತಂತೆ. ಮುಂದಿನ ವಾರ ಅದೇ ಫ್ಯಾಕ್ಟರಿಯಿಂದ ಆರೇಳು ಜನ ಬಂದರು. ಇದು ಮನೆ, ಒಳಗೆ ದೇವರಿಲ್ಲ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿ ನೋಡಿದೆ. ಪೂಜಾರಿಯೇ ಇಷ್ಟು ವಿನಯವಂತನಾದರೆ ದೇವರು ಇನ್ನೆಷ್ಟು ದೊಡ್ಡದಿರಬೇಕು ಎಂದು ಮಾತಾಡಿಕೊಂಡು ಹೋದರು. ಸಿಮ್ ಕೇಳಿಕೊಂಡು ಬಂದವನು ಇಲ್ಲವೆಂದಾಗ ವಾಪಸು ಹೋಗಿದ್ದ. ಇವರು ಹೋಗುವುದಿಲ್ಲ.

ಇದನ್ನೂ ಸಹಿಸಿಕೊಂಡೆ. ಭಾನುವಾರ ಬಂತು. ಶೆಟ್ಟಿಹಳ್ಳಿ ಮುಖ್ಯ ರಸ್ತೆಯಿಂದ ಒಂದು ಕಪ್ಪು ಕವರಿನಲ್ಲಿ ಬಾಡು ತೂಗಾಡಿಸಿಕೊಂಡು, ಶಿಳ್ಳೆ ಹಾಕುತ್ತಾ ನನ್ನ ಮನೆಗೆ ಬಂದೆ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಎಳೇ ಕೂಸನ್ನು ಹೊಸ್ತಿಲ ಮುಂದೆ ಮಲಗಿಸಿ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಅತ್ತೆ ನನ್ನ ಕೈಯನ್ನು ನೋಡಿದರು. ಹೊಸ್ತಿಲಿಗೆ ಅಡ್ಡವಾಗಿ ಬಂದು ನಿಂತರು.

"ಏನದು ಅಳಿಮಯ್ಯ?"

"ಭಾನುವಾರ ಅಲ್ವಾ ಅತ್ತೆ" ಎಂದೆ. ಅವರ ಶುಕ್ರವಾರ ಉತ್ತರವಾಗಬಹುದಾದರೆ ನನ್ನ ಭಾನುವಾರ ಯಾಕಾಗಬಾರದು?

ಆಗಲಿಲ್ಲ. "ಒರಗೆ ಕೂಸು ಮಲಗ್ಸಿ ಅರಕೆ ಒತ್ಕೋತಾವ್ರೆ. ಒಳಗೆ ಬಾಡು ಬೇಯ್ಸಕ್ಕಾಯ್ತದಾ? ಮಾರಮ್ಮನ್ ಗುಡೀಲಿ ಆದ್ರೂ ವರ್ಸಕ್ಕೊಂದ್ ದಪ ಮರಿ ಕಡೀಬೋದು. ಇದು ಯಾವ್ ದ್ಯಾವ್ರು ಅಂತಾನೇ ಇನ್ನೂ ಗೊತ್ತಿಲ್ಲ, ಒಪ್ತದೋ ಇಲ್ವೋ ಯಾರಿಗ್ ಗೊತ್ತು?"

"ಅತ್ತೆ, ದೇವ್ರೇ ಇಲ್ಲ ಒಳಗೆ!"

"ಕೆನ್ನೆಗ್ ಒಡ್ಕಳಿ."

ನಾನು ರಾಧಾಮಣಿಯ ಕಡೆ ನೋಡಿದೆ. ಅವಳಿಗೂ ಬಾಡೆಂದರೆ ಪ್ರಾಣ. ಆದರೆ ಅವಳು ಕಂಬವನ್ನೊಮ್ಮೆ, ಕವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನಿಮಗೇ ಬೇಕಿತ್ತಲ್ಲ" ಎಂದಷ್ಟೇ ಹೇಳಿ ತೊಗರಿಬೇಳೆ ನೆನೆಹಾಕಲು ಒಳಗೆ ಹೋದಳು. ಜೀವನದಲ್ಲಿ ಅಷ್ಟು ಅನಾಥನಾಗಿ ನಾನು ಎಂದೂ ನಿಂತಿರಲಿಲ್ಲ, ಅದೂ ನಾನೇ ಕಟ್ಟಿಸಿದ ಕಮಾನಿನ ಕೆಳಗೆ.

ಸ್ವಲ್ಪ ಹೊತ್ತಿನ ಮೇಲೆ ಮಹೇಂದ್ರನ ಫೋನು ಬಂತು. "ಭಾವ, ಅಮ್ಮ ಎಲ್ಲಾ ಹೇಳಿದ್ರು. ಆ ಕವರ್ ತಗೊಂಡು ಇಲ್ಲಿಗೇ ಬಂದ್ಬಿಡಿ. ನಮ್ಮದು ಮನೇನೇ."

ಈಗ ಪ್ರತಿ ಭಾನುವಾರದ ನನ್ನ ಕಾರ್ಯಕ್ರಮ ಹೀಗಿದೆ. ಸ್ಕೂಟರಿನಲ್ಲಿ ದಾಸರಹಳ್ಳಿಗೆ ಹೋಗುತ್ತೇನೆ. ಮಹೇಂದ್ರ ಗೇಟಿನಲ್ಲೇ ಕಾದಿರುತ್ತಾನೆ. ಅವನ ನೀಲಿ ಗಾಜಿನ ಮುಂದೆ ಇಬ್ಬರೂ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಅಕ್ಕಪಕ್ಕದವರಿಗೂ ಕೇಳಿಸುವಂತೆ, "ಎಲಿವೇಶನ್ ಅಂದ್ರೆ ಇದು ಕಣೋ" ಎಂದು ನಾನು ಹೇಳುತ್ತೇನೆ. ಆಮೇಲೆ ಬಡಿಸುತ್ತಾರೆ. ಮೂಳೆ ಅವನಿಗೇ ಹೋಗುತ್ತದೆ, ಅವನ ಮನೆ ತಾನೆ.

ಊಟ ಮುಗಿಸಿ ಶೆಟ್ಟಿಹಳ್ಳಿಗೆ ಬಂದರೆ ದೂರದಿಂದಲೇ ನನ್ನ ನಾಲ್ಕು ಕಂಬ ಕಾಣುತ್ತವೆ, ಸಂಜೆಯ ಬಿಸಿಲಿಗೆ ನಿಜವಾದ ಕಲ್ಲಿನ ಹಾಗೆಯೇ. ಮೆಟ್ಟಿಲ ಮೇಲೆ ಚಪ್ಪಲಿಯ ಸಾಲು. ಬಾಡು ತಿಂದ ಬಾಯಲ್ಲಿ ಆ ಹೊಸ್ತಿಲು ದಾಟುವ ಹಾಗಿಲ್ಲ, ಅತ್ತೆಯ ಅಪ್ಪಣೆ. ಹಾಗಾಗಿ ಪಕ್ಕದ ಓಣಿಯಲ್ಲಿ ಸ್ಕೂಟರು ತಳ್ಳಿಕೊಂಡು ಹೋಗಿ, ಒಣಹಾಕಿದ ಸೀರೆಗಳ ಕೆಳಗೆ ನುಸುಳಿ, ವಾಷಿಂಗ್ ಮೆಷಿನ್ನಿನ ಪಕ್ಕದ ಆ ಗಿಡ್ಡ ಹಿಂಬಾಗಿಲನ್ನು ಮೆಲ್ಲಗೆ ತಟ್ಟುತ್ತೇನೆ. ರಾಧಾಮಣಿ ಬಂದು ತೆಗೆಯುತ್ತಾಳೆ.

"ತಲೆ ಬಗ್ಗಿಸಿ ಬನ್ನಿ" ಎನ್ನುತ್ತಾಳೆ.